ಕ್ಯಾನ್ಸರ್ ವಾರ್ಡಿನಲ್ಲಿ ಆ ಮಾತು ಎತ್ತುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಹೋದ ತಿಂಗಳು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಗ್ಗೆ ಬರೆದಾಗ, ಚಿಕಿತ್ಸೆ ಆದಮೇಲೆ ಗಂಡ ಹೆಂಡತಿಯ ದೈಹಿಕ ಸಂಬಂಧದ ಬಗ್ಗೆ ಡಾಕ್ಟರೇ ಮೊದಲು ಮಾತು ತೆಗೆಯಬೇಕು ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ, ನಾನು ಕ್ಯಾನ್ಸರ್ ರೋಗಿಗಳನ್ನು ನೋಡುವ ಕಿರಿಯ ವೈದ್ಯೆ. ಕಿಮೋದ ವಾಂತಿ, ಕೂದಲು ಉದುರುವುದು, ರಕ್ತ ಕಡಿಮೆಯಾಗುವುದು, ಎಲ್ಲದರ ಬಗ್ಗೆ ಸಲೀಸಾಗಿ ಮಾತಾಡುತ್ತೇನೆ. ಇದೊಂದು ವಿಷಯ ಬಂದರೆ ನಾಲಿಗೆ ಕಟ್ಟಿಹೋಗುತ್ತದೆ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಯಾವ ಪದ ಬಳಸಬೇಕು ಅಂತಲೇ ಗೊತ್ತಾಗುವುದಿಲ್ಲ. ಇದನ್ನು ಕಲಿಯಲು ಆಗುತ್ತದಾ? – ಕಲಬುರಗಿ

ಉತ್ತರ: ಖಂಡಿತ ಆಗುತ್ತದೆ. ನಾಲಿಗೆ ಕಟ್ಟುವುದು ನಿಮಗೊಬ್ಬರಿಗೇ ಅಲ್ಲ. ನನಗೂ ಕಟ್ಟಿತ್ತು, ಅದರಿಂದ ನಷ್ಟವಾದದ್ದು ಮಾತ್ರ ಒಬ್ಬ ರೋಗಿಗೆ.

ನಾನು ಆಗ ಈ ಭಾಗದ ಒಂದು ಆಸ್ಪತ್ರೆಯಲ್ಲಿದ್ದೆ. ಚಿಂಚೋಳಿ ಕಡೆಯ ತಾಂಡಾದಿಂದ ಒಬ್ಬ ತಾಯಿ ಬರುತ್ತಿದ್ದರು, ವಯಸ್ಸು ನಲವತ್ತರ ಆಸುಪಾಸು. ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟು ಮುಗಿದಿತ್ತು, ಗಡ್ಡೆ ಕರಗಿತ್ತು. ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದು ತೋರಿಸಿಕೊಳ್ಳುತ್ತಿದ್ದರು. ನಾನು ಕೇಳುತ್ತಿದ್ದದ್ದು ಪ್ರತಿ ಸಲವೂ ಅವೇ ಪ್ರಶ್ನೆ: ರಕ್ತ ಹೋಗುತ್ತದಾ, ಬಿಳಿ ಹೋಗುತ್ತದಾ, ಮೂತ್ರ ಉರಿ ಇದೆಯಾ, ಊಟ ಸೇರುತ್ತದಾ. ಒಳಪರೀಕ್ಷೆ ಮಾಡುವಾಗ ಅವರು ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದರು. ಜಾಗ ಕಿರಿದಾಗಿದೆ ಅಂತ ಕೇಸ್ ಶೀಟಿನಲ್ಲಿ ನಾನೇ ಬರೆದಿದ್ದೆ. ಹಾಗೆ ಕಿರಿದಾದರೆ ಆ ಹೆಣ್ಣುಮಗಳ ಮನೆಯಲ್ಲಿ ಏನಾಗುತ್ತಿರಬಹುದು ಅಂತ ಒಂದು ಸಲವೂ ಕೇಳಲಿಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ದಿನ, ಬಾಗಿಲವರೆಗೆ ಹೋದವರು ತಿರುಗಿ ನಿಂತು, ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದರು: "ಡಾಕ್ಟರ್ ಅವ್ವಾ, ನಮ್ಮ ಮನ್ಯಾವ್ರು ಬ್ಯಾರೆ ಮಲಗ್ತಾರ್ರೀ. ನಂದೇ ತಪ್ಪದ ಅಂತ ಸುಮ್ನಿದ್ದೆ."

ಅವರ ತಪ್ಪು ಏನೂ ಇರಲಿಲ್ಲ. ಆ ಭಾಗಕ್ಕೆ ಕರೆಂಟ್ ಕೊಟ್ಟ ಮೇಲೆ ಯೋನಿ ಒಣಗುತ್ತದೆ, ಗೋಡೆಗಳು ಬಿಗಿಯುತ್ತವೆ, ಕೆಲವರಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊದಲೇ ಹೇಳಿದ್ದರೆ, ಶುರುವಿನಿಂದಲೇ ಡೈಲೇಟರ್ (ಯೋನಿ ಬಿಗಿಯದಂತೆ ಬಳಸುವ ನುಣುಪಾದ ಸಾಧನ) ಬಳಸಲು ಕಲಿಸಿದ್ದರೆ, ಇಷ್ಟಾಗಲು ಬಿಡದೆ ತಡೆಯಬಹುದಿತ್ತು. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಡಾಕ್ಟರ್ ಕೇಳಲಿಲ್ಲ ಅಂದರೆ ಅದು ಕೇಳಬಾರದ ವಿಷಯ ಅಂತ ರೋಗಿ ತಿಳಿದುಕೊಳ್ಳುತ್ತಾರೆ. ರೋಗಿ ಹೇಳಲಿಲ್ಲ ಅಂದರೆ ತೊಂದರೆ ಇಲ್ಲ ಅಂತ ನಾವು ತಿಳಿದುಕೊಳ್ಳುತ್ತೇವೆ. ಇಬ್ಬರಲ್ಲಿ ಮೊದಲು ಬಾಯಿ ಬಿಡಬೇಕಾದವರು ನಾವು. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೊ 2018ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಮಾತನ್ನು ಚಿಕಿತ್ಸೆ ಕೊಡುವವರೇ ತೆಗೆಯಬೇಕು, ಸಂಗಾತಿಯನ್ನು ಸೇರಿಸುವುದು ರೋಗಿ ಒಪ್ಪಿದರೆ ಮಾತ್ರ.

ಈಗ ಪದಗಳ ವಿಷಯ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಇದೇ. ನಮ್ಮ ಕಡೆ "ಸಂಸಾರ ಹ್ಯಾಂಗ್ ನಡದದ?" ಅಂತ ಕೇಳಿ ನೋಡಿ. "ಚಲೋ ನಡದದ್ರೀ, ಈ ಸಲ ತೊಗರಿ ಚಲೋ ಬಂದದ" ಅನ್ನುತ್ತಾರೆ. ಅವರು ಹೇಳಿದ್ದು ಸರಿ, ಕೇಳಿದ್ದು ಸರಿಯಿಲ್ಲ. ಹಾಗಂತ "ಲೈಂಗಿಕ ಕ್ರಿಯೆ" ಅಂದರೆ ಅದು ಅರ್ಧ ಜನರಿಗೆ ಪುಸ್ತಕದ ಮಾತು, ಇನ್ನರ್ಧ ಜನರಿಗೆ ಬೈಗುಳದ ಹಾಗೆ ಕೇಳುತ್ತದೆ. ನನಗೆ ಸರಿಬಂದದ್ದು ಮೆತ್ತಗೆ ಶುರುಮಾಡಿ ಆಮೇಲೆ ಬಿಡಿಸಿ ಹೇಳುವುದು. ಹೀಗೆ: "ಅವ್ವಾ, ಈ ಚಿಕಿತ್ಸೆ ಆದ ಬಹಳ ಮಂದಿಗೆ ಗಂಡ ಹೆಂಡತಿ ಕೂಡುವಾಗ ನೋವಾಗ್ತದ, ಒಣಗಿದಂಗ ಆಗ್ತದ, ಮನಸ್ಸೇ ಬರಂಗಿಲ್ಲ. ನಾನು ಎಲ್ಲರಿಗೂ ಇದನ್ನ ಕೇಳ್ತೀನಿ. ನಿಮಗೂ ಏನಾದ್ರೂ ಹಂಗ ಅದಾ?" ಇದರಲ್ಲಿ ಮೂರು ವಿಷಯ ಇದೆ. ಬಹಳ ಜನರಿಗೆ ಆಗುತ್ತದೆ ಅಂದಾಗ ಅವರು ಒಬ್ಬಂಟಿಯಲ್ಲ ಅಂತಾಯಿತು. ಎಲ್ಲರಿಗೂ ಕೇಳುತ್ತೇನೆ ಅಂದಾಗ ಅವರ ಮೇಲೆ ಏನೋ ಸಂಶಯ ಇದೆ ಅನ್ನುವ ಭಯ ಹೋಯಿತು. ನೋವು, ಒಣಗುವುದು ಅಂತ ಹೆಸರು ಹಿಡಿದು ಹೇಳಿದಾಗ, ಹೌದು ಅಂತ ಬರೀ ತಲೆ ಆಡಿಸಿದರೂ ಸಾಕಾಯಿತು. ಉತ್ತರ ಬರದಿದ್ದರೆ "ಈಗ ಬ್ಯಾಡಂದ್ರ ಮುಂದಿನ ಸಲ ಮಾತಾಡೋಣು" ಅಂತ ಬಿಟ್ಟುಬಿಡಿ. ಎಷ್ಟೋ ಜನ ಎರಡನೇ ಸಲವೇ ಹೇಳುವುದು.

ಸೇಡಂ, ಗುರುಮಠಕಲ್ ಕಡೆಯವರಾದರೆ ತೆಲುಗು, ಆಳಂದ, ಭಾಲ್ಕಿಯವರಾದರೆ ಮರಾಠಿ, ಊರೊಳಗೆ ದಖನಿ ಉರ್ದು, ತಾಂಡಾದವರಾದರೆ ಲಂಬಾಣಿ. ಭಾಷೆ ಬರದಿದ್ದಾಗ ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ಕೇಳಿ ಹೇಳಿಸುವುದು ನಮಗೆ ರೂಢಿ. ಈ ವಿಷಯಕ್ಕೆ ಮಾತ್ರ ಅದು ಬೇಡವೇ ಬೇಡ. ತಾಯಿ ಮಗನ ಎದುರು ಹೇಳುತ್ತಾಳಾ? ಆ ಭಾಷೆ ಬಲ್ಲ ಸಿಸ್ಟರ್ ಅಥವಾ ಆಯಾ ಯಾರಾದರೂ ಇರುತ್ತಾರೆ, ಅವರಿಗೆ ಈ ಎರಡು ಮೂರು ವಾಕ್ಯವನ್ನು ಮೊದಲೇ ಕಲಿಸಿಟ್ಟುಕೊಳ್ಳಿ, ಹೊರಗೆ ಆಡಬಾರದು ಅಂತಲೂ ಹೇಳಿ.

ಕಲಿಯುವ ರೀತಿ ಹೇಳುತ್ತೇನೆ. ಓದಿ ಬರುವ ವಿದ್ಯೆ ಅಲ್ಲ ಇದು, ಬಾಯಿಬಿಟ್ಟು ಹೇಳಿ ಹೇಳಿಯೇ ಬರಬೇಕು. ಓಪಿಡಿ ಮುಗಿದ ಮೇಲೆ ಮೂರು ಜನ ಕೂರಿ. ಒಬ್ಬರು ಡಾಕ್ಟರ್, ಒಬ್ಬರು ರೋಗಿ, ಒಬ್ಬರು ಸುಮ್ನೆ ನೋಡುವವರು. ಹತ್ತು ನಿಮಿಷ ಆದಮೇಲೆ ಪಾತ್ರ ಬದಲಿಸಿ. ಮೊದಲ ಸುತ್ತಿನಲ್ಲಿ ನಗು ಬರುತ್ತದೆ, ಬರಲಿ ಬಿಡಿ, ಯಾರೂ ಯಾರನ್ನೂ ಗದರಬೇಡಿ, ಮೂರನೇ ಸುತ್ತಿಗೆ ಅದು ತಾನಾಗಿ ನಿಲ್ಲುತ್ತದೆ. ಯೋನಿ, ಶಿಶ್ನ, ಮೊಲೆ ಅನ್ನುವ ಪದಗಳನ್ನು ದನಿ ಇಳಿಸದೆ ಹೇಳಲು ಬರಬೇಕು. ನಿಮ್ಮ ದನಿ ಇಳಿದರೆ ರೋಗಿಯ ತಲೆ ತಗ್ಗುತ್ತದೆ. ರೋಗಿಯ ಜಾಗದಲ್ಲಿ ಕೂತವರೇ ಜಾಸ್ತಿ ಕಲಿಯುವುದು. ನಾನು ಒಮ್ಮೆ ಹಾಗೆ ಕೂತಾಗ, ಎದುರಿಗಿದ್ದ ಹುಡುಗ ಡಾಕ್ಟರ್ ನನ್ನ ಮುಖ ನೋಡದೆ ಫೈಲ್ ನೋಡುತ್ತಾ ಕೇಳಿದ. ಅದು ಆಟ ಅಂತ ಗೊತ್ತಿದ್ದರೂ ನನಗೆ ಹೇಳಲು ಮನಸ್ಸಾಗಲಿಲ್ಲ. ಈ ಅಭ್ಯಾಸಕ್ಕೆ ಸ್ಟಾಫ್ ನರ್ಸ್‌ಗಳನ್ನು ಕರೆಯಿರಿ, ರೇಡಿಯೇಶನ್ ಯಂತ್ರ ನಡೆಸುವ ಟೆಕ್ನೀಶಿಯನ್‌ಗಳನ್ನೂ ಕರೆಯಿರಿ. ಹೊರಗಿನಿಂದ ಕರೆಂಟ್ ಕೊಡುವುದು ಸಾಮಾನ್ಯವಾಗಿ ಐದು ವಾರ, ವಾರಕ್ಕೆ ಐದು ದಿನ. ಅಷ್ಟೂ ದಿನ ರೋಗಿಯ ಮುಖ ನೋಡುವವರು ಅವರು, ನಾವಲ್ಲ.

ಎಷ್ಟರವರೆಗೆ ಮಾತಾಡಬೇಕು ಅನ್ನುವುದಕ್ಕೆ ಒಂದು ಹಳೆಯ ಮಾದರಿ ಇದೆ, ಪ್ಲಿಸಿಟ್ ಅಂತ. ಜಾಕ್ ಆನನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1976ರಲ್ಲಿ ಕೊಟ್ಟದ್ದು. ನಾಲ್ಕು ಮೆಟ್ಟಿಲು. ಮೊದಲನೆಯದು, ಈ ವಿಷಯ ಇಲ್ಲಿ ಮಾತಾಡಬಹುದು ಅಂತ ರೋಗಿಗೆ ಬಾಗಿಲು ತೆಗೆಯುವುದು. ಎರಡನೆಯದು, ಅವರ ಕಾಯಿಲೆಗೆ ಬೇಕಾದಷ್ಟು ಮಾಹಿತಿ. ಮೂರನೆಯದು, ಅವರ ತೊಂದರೆಗೆ ತಕ್ಕ ಸಲಹೆ: ಜೆಲ್, ಡೈಲೇಟರ್, ಮಾತ್ರೆ, ಮಲಗುವ ಭಂಗಿ ಹೀಗೆ. ನಾಲ್ಕನೆಯದು ತಜ್ಞರ ಕೆಲಸ, ಅಲ್ಲಿಗೆ ಕಳಿಸಿಕೊಡುವುದಷ್ಟೇ ನಮ್ಮ ಪಾಲು. ಬಹಳ ಜನರಿಗೆ ಮೊದಲ ಎರಡು ಮೆಟ್ಟಿಲಿನಲ್ಲೇ ಕೆಲಸ ಮುಗಿಯುತ್ತದೆ, ಆದ್ದರಿಂದ "ನನಗೆ ಎಲ್ಲ ಗೊತ್ತಿಲ್ಲ, ಹೇಗೆ ಶುರುಮಾಡಲಿ" ಅನ್ನುವ ಹೆದರಿಕೆ ಬೇಡ.

ಯಾವಾಗ ಕೇಳಬೇಕು? ಚಿಕಿತ್ಸೆ ಶುರುವಾಗುವ ಮೊದಲೇ. ಮದುವೆಯಾಗದ ಹುಡುಗನಿಗೆ ಕಿಮೋ ಕೊಟ್ಟಾದ ಮೇಲೆ "ಮಕ್ಕಳಾಗುವುದು ಕಷ್ಟ ಆಗಬಹುದು" ಅಂತ ಹೇಳಿದರೆ ಏನು ಬಂತು? ಮೊದಲೇ ಹೇಳಿದರೆ ವೀರ್ಯವನ್ನು ತೆಗೆದಿಡಿಸಬಹುದು, ಹೆಣ್ಣುಮಕ್ಕಳಾದರೆ ಅಂಡಾಣುವನ್ನು. ಆಮೇಲೆ ಚಿಕಿತ್ಸೆಯ ನಡುವೆ ಒಮ್ಮೆ, ಮುಗಿದ ಮೇಲೆ ಪ್ರತಿ ಭೇಟಿಯಲ್ಲೂ ಒಮ್ಮೆ. "ಜೀವ ಉಳಿದದ್ದೇ ದೊಡ್ಡದು, ಅದೆಲ್ಲ ಯಾಕೆ ಬೇಕು" ಅಂತ ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ. ವಿಧವೆಯರು, ವಯಸ್ಸಾದವರು ಅಂತ ಬಿಟ್ಟುಬಿಡಲೂ ಬೇಡಿ. ಕರೆಂಟ್ ತೆಗೆದುಕೊಂಡ ವಿಧವೆಗೂ ಡೈಲೇಟರ್ ವಿಷಯ ಹೇಳಬೇಕು, ಯಾಕೆಂದರೆ ದಾರಿ ಮುಚ್ಚಿಹೋದರೆ ಮುಂದೆ ಕಾಯಿಲೆ ಮರಳಿದೆಯಾ ಅಂತ ನಾವು ಒಳಗೆ ನೋಡುವುದೇ ಕಷ್ಟವಾಗುತ್ತದೆ.

ಪ್ರಶ್ನೆ: ನನ್ನ ಹೆಂಡತಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿತ್ತು. ಕಿಮೋ, ಕರೆಂಟ್ ಎಲ್ಲ ಆಗಿ ಎಂಟು ತಿಂಗಳು. ಈಗ ಆರಾಮ ಇದ್ದಾಳೆ. ಆದರೆ ನಮ್ಮ ತಾಯಿ ಆಕೆಯನ್ನು ಮುಟ್ಟಬೇಡ, ನಿನಗೂ ಬರುತ್ತದೆ ಅನ್ನುತ್ತಾರೆ. ಆಕೆಯೂ ಹತ್ತಿರ ಬರುವುದಿಲ್ಲ. ಇದು ಗಂಡಸರಿಂದ ಬರುವ ರೋಗ ಅಂತ ಯಾರೋ ಹೇಳಿದ್ದಾರೆ, ಅದರಿಂದ ಆಕೆಗೆ ನನ್ನ ಮೇಲೆ ಸಂಶಯ. ಡಾಕ್ಟರನ್ನು ಕೇಳಲು ನಾಚಿಕೆ. – ಯಾದಗಿರಿ ಜಿಲ್ಲೆ

ಉತ್ತರ: ತಮ್ಮಾ, ನೀವು ಇಷ್ಟು ಬರೆದದ್ದೇ ದೊಡ್ಡದು. ಮೊದಲು ಭಯದ ಮಾತು ಮುಗಿಸೋಣ. ಕ್ಯಾನ್ಸರ್ ಮುಟ್ಟಿದರೆ ಬರುವುದಿಲ್ಲ. ಒಟ್ಟಿಗೆ ಮಲಗಿದರೂ ಬರುವುದಿಲ್ಲ, ಕೂಡಿದರೂ ಬರುವುದಿಲ್ಲ. ಹೊರಗಿನಿಂದ ಕೊಟ್ಟ ಕರೆಂಟ್ ಮೈಯಲ್ಲಿ ಉಳಿಯುವುದಿಲ್ಲ. ಆಮೇಲೆ ಒಳಗೆ ನಳಿಗೆ ಇಟ್ಟು ಕೊಟ್ಟಿರುತ್ತಾರಲ್ಲ, ಅದನ್ನೂ ಆಗಲೇ ಹೊರಗೆ ತೆಗೆದಿರುತ್ತಾರೆ. ನಿಮಗಾಗಲಿ, ಆಕೆಯ ಜೊತೆ ಮಲಗುವ ಮಕ್ಕಳಿಗಾಗಲಿ ಅದರಿಂದ ಏನೂ ಇಲ್ಲ.

ಸಂಶಯದ ವಿಷಯ. ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದು ಕೂಡುವುದರಿಂದ ಹರಡುವುದು ನಿಜ. ಆದರೆ ಅದು ಬಹಳ ಸಾಮಾನ್ಯವಾದ ವೈರಸ್, ದಾಂಪತ್ಯ ಮಾಡುವ ಗಂಡು ಹೆಣ್ಣುಗಳಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಯಾವಾಗಲಾದರೂ ತಗಲುತ್ತದೆ, ತಗಲಿದ್ದು ಗೊತ್ತೇ ಆಗದೆ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಉಳಿದದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಯಾರಿಂದ, ಯಾವಾಗ ಬಂತು ಅಂತ ಯಾವ ಡಾಕ್ಟರೂ ಹೇಳಲಾರರು. ಈ ಕಾಯಿಲೆ ಬಂತು ಅಂದ ಮಾತ್ರಕ್ಕೆ ನೀವಾಗಲಿ ಆಕೆಯಾಗಲಿ ದಾರಿ ತಪ್ಪಿದ್ದೀರಿ ಅಂತ ಅರ್ಥ ಅಲ್ಲವೇ ಅಲ್ಲ. ಈ ಮಾತನ್ನು ಆಕೆಯೂ ಡಾಕ್ಟರ ಬಾಯಿಂದಲೇ ಕೇಳಬೇಕು.

ಆಕೆ ಹತ್ತಿರ ಬರದಿರುವುದಕ್ಕೆ ನೋವಿನ ಹೆದರಿಕೆಯೂ ಇರಬಹುದು. ಮುಟ್ಟು ನಿಂತಿರುತ್ತದೆ, ಒಳಗೆ ಒಣಗಿರುತ್ತದೆ, ಜಾಗ ಬಿಗಿದಿರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ನೀರಿನಂಶದ ಜೆಲ್ ಸಿಗುತ್ತದೆ, ಅದನ್ನು ಬಳಸಬಹುದು. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬಾರದು, ಎಣ್ಣೆಗೆ ಕಾಂಡೋಮ್ ಹರಿಯುತ್ತದೆ. ಡೈಲೇಟರ್ ಅಂದರೆ ನುಣುಪಾದ ಬೆರಳಿನಾಕಾರದ ಸಾಧನ, ಸಣ್ಣದರಿಂದ ದೊಡ್ಡದರವರೆಗೆ ಇರುತ್ತದೆ. ಅದಕ್ಕೆ ಜೆಲ್ ಹಚ್ಚಿ ವಾರಕ್ಕೆ ಎರಡು ಮೂರು ಸಲ, ಹತ್ತು ನಿಮಿಷದೊಳಗೆ ಬಳಸಲು ಹೇಳಿಕೊಡುತ್ತಾರೆ. ಎಂಟು ತಿಂಗಳಾಗಿದೆ, ಅದಕ್ಕೇ ಒಮ್ಮೆ ಒಳಪರೀಕ್ಷೆ ಮಾಡಿಸಿಕೊಂಡೇ ಶುರುಮಾಡಿ. ಸ್ವಲ್ಪ ಕಲೆಯಷ್ಟು ರಕ್ತ ಕಂಡರೆ ಗಾಬರಿ ಬೇಡ, ಜಾಸ್ತಿ ಹೋದರೆ ಅಥವಾ ಮತ್ತೆ ಮತ್ತೆ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೆ ಬರೀ ಪಕ್ಕದಲ್ಲಿ ಮಲಗಿ, ಕೈ ಹಿಡಿದುಕೊಳ್ಳಿ. ಆಕೆ ಸಾಕು ಅಂದರೆ ಸಾಕು.

ಕೇಳಲು ನಾಚಿಕೆ ಅಂದಿರಿ. ಒಂದು ಚೀಟಿಯಲ್ಲಿ "ಗಂಡ ಹೆಂಡತಿ ಸಂಬಂಧದ ಬಗ್ಗೆ ಕೇಳಬೇಕು" ಅಂತ ಬರೆದು ಫೈಲಿನ ಮೇಲೆ ಇಟ್ಟು ಕೊಡಿ. ಮುಂದಿನದು ಡಾಕ್ಟರ ಕೆಲಸ. ಮುಂದಿನ ಭೇಟಿಗೆ ತಾಯಿಯವರನ್ನೂ ಕರೆದುಕೊಂಡು ಹೋಗಿ. ಈ ರೋಗ ಅಂಟುವುದಿಲ್ಲ ಅನ್ನುವುದನ್ನಷ್ಟು ಅವರೂ ಕೇಳಿಸಿಕೊಳ್ಳಲಿ. ಉಳಿದದ್ದು ನಿಮ್ಮಿಬ್ಬರದು.

ಪ್ರಶ್ನೆ: ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥದ್ದೆಲ್ಲ ಬೇಕಾ? ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ. – ಕಲಬುರಗಿ

ಉತ್ತರ: ಹೆಣ್ಣುಮಕ್ಕಳಿದ್ದಾರೆ ಅಂತಲೇ ಬರೆಯುತ್ತಿದ್ದೇನೆ. ಅವರಿಗೆ 9ರಿಂದ 14 ವರ್ಷವಾಗಿದ್ದರೆ ಎಚ್‌ಪಿವಿ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ, ಆ ವಯಸ್ಸೇ ಅದಕ್ಕೆ ಸರಿಯಾದ ಹೊತ್ತು.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಮೂತ್ರಕೋಶ, ಪ್ರಾಸ್ಟೇಟ್, ಗುದದ್ವಾರದ ಆಪರೇಶನ್ ಆದ ಗಂಡಸರು ಏನೋ ಕೇಳಬೇಕು ಅಂತ ಒದ್ದಾಡುವುದು ಕಾಣುತ್ತದೆ. ನಾನು ಹೆಣ್ಣು, ನಾನಾಗಿ ಮಾತು ತೆಗೆದರೆ ತಪ್ಪು ತಿಳಿಯುವುದಿಲ್ವಾ? – ಬೀದರ

ಉತ್ತರ: ಸಿಸ್ಟರ್, ನಿಮ್ಮ ಅಳುಕು ನ್ಯಾಯವಾದದ್ದೇ. ಮಾತನ್ನು ಚಿಕಿತ್ಸೆಗೆ ಗಂಟು ಹಾಕಿ ಹೇಳಿ, ಆಗ ಯಾರೂ ತಪ್ಪು ತಿಳಿಯುವುದಿಲ್ಲ. "ಕಾಕಾ, ಈ ಆಪರೇಶನ್ ಆದವರಿಗೆ ನರಕ್ಕೆ ಪೆಟ್ಟಾಗಿ ಗಡಸುತನ ಬರುವುದು ಕಷ್ಟ ಆಗಬಹುದು, ನಿಮಗೆ ಅದರ ಬಗ್ಗೆ ಗಂಡು ಡಾಕ್ಟರ್ ಹತ್ತಿರ ಮಾತಾಡಬೇಕು ಅನಿಸಿದರೆ ಹೇಳಿ, ನಾನು ಕಳಿಸುತ್ತೇನೆ." ಇಷ್ಟು ಸಾಕು. ಮೇಲೆ ಹೇಳಿದ ಮೊದಲ ಮೆಟ್ಟಿಲು ಅದೇ. ಮುಂದಿನದನ್ನು ನೀವೇ ಹೇಳಬೇಕೆಂದಿಲ್ಲ. ಡ್ರೆಸ್ಸಿಂಗ್ ಮಾಡುವಾಗ, ಮಲದ ಚೀಲ ಬದಲಿಸಲು ಕಲಿಸುವಾಗ ಪರದೆ ಎಳೆದಿರುತ್ತದೆ, ಜೊತೆಯವರು ಹೊರಗಿರುತ್ತಾರೆ, ಮಾತಿಗೆ ಅದೇ ಸರಿಯಾದ ಗಳಿಗೆ. ಯಾರಾದರೂ ಇದನ್ನೇ ನೆಪ ಮಾಡಿಕೊಂಡು ಕೆಟ್ಟದಾಗಿ ಮಾತಾಡಿದರೆ ತಕ್ಷಣ ನಿಲ್ಲಿಸಿ, ಇನ್ನೊಬ್ಬರನ್ನು ಕರೆಯಿರಿ, ಬರೆದಿಡಿ. ಅದನ್ನು ಸಹಿಸಿಕೊಳ್ಳುವುದು ನಿಮ್ಮ ಕೆಲಸದ ಭಾಗ ಅಲ್ಲ.

ಗಂಡಸರಿಗೆ ಹೇಳಬೇಕಾದ ಮುಖ್ಯ ವಿಷಯ ಎರಡು. ಪ್ರಾಸ್ಟೇಟ್ ಆಪರೇಶನ್‌ನಲ್ಲಿ ನರ ಉಳಿಸಿದ್ದರೂ ಗಡಸುತನ ಮರಳಲು ಒಂದೆರಡು ವರ್ಷ ಹಿಡಿಯಬಹುದು, ಮೊದಲ ತಿಂಗಳಲ್ಲೇ ಕೈಚೆಲ್ಲಬಾರದು. ಇನ್ನೊಂದು, ಯಾರನ್ನೂ ಕೇಳದೆ ಅಂಗಡಿಯಿಂದ ಗಡಸುತನದ ಮಾತ್ರೆ ತಂದು ನುಂಗಬಾರದು. ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ ಬಳಸುವವರು ಸಿಲ್ಡೆನಾಫಿಲ್ ಎಂಬ ಆ ಮಾತ್ರೆ ತೆಗೆದುಕೊಂಡರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ನಾಚಿಕೆಯಿಂದ ಡಾಕ್ಟರನ್ನು ಕೇಳದೆ ಇದ್ದವರೇ ಹೀಗೆ ಮಾಡುವುದು, ಅದಕ್ಕೇ ನೀವು ಕೇಳಬೇಕು.

ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆಗಿ ದವಡೆ ತೆಗೆಸಿಕೊಂಡವರನ್ನು ನಾವು ಈ ಪಟ್ಟಿಯಲ್ಲಿ ಸೇರಿಸುವುದೇ ಇಲ್ಲ. ಮುಖ ಬದಲಾದ ಮೇಲೆ ಹೆಂಡತಿಯ ಎದುರು ಕೂರಲೂ ಹಿಂಜರಿಯುವವರು ಅವರು. ಅವರನ್ನೂ ಕೇಳಿ.

ಪ್ರಶ್ನೆ: ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎಂಬಿಬಿಎಸ್‌ನಲ್ಲಿ 2019ರಿಂದ ರೋಗಿಯ ಜೊತೆ ಮಾತಾಡುವುದನ್ನು ಪಠ್ಯದಲ್ಲೇ ಸೇರಿಸಿದ್ದಾರೆ ಅಂತ ಕೇಳಿದ್ದೇನೆ. ನಾವೂ ಒಂದು ದಿನದ ತರಬೇತಿ ಮಾಡಬೇಕು ಅಂತಿದ್ದೇವೆ. ಕಲಿತಿದ್ದಾರೆ ಅಂತ ತಿಳಿಯುವುದು ಹೇಗೆ? – ಕಲಬುರಗಿ

ಉತ್ತರ: ನೀವು ಕೇಳಿದ್ದು ನಿಜ, ಏಟ್ಕಾಮ್ (ನಡವಳಿಕೆ, ನೀತಿ, ಮಾತುಕತೆ ಕಲಿಸುವುದು) ಅನ್ನುವ ಭಾಗ ಅದು. ನಿಮ್ಮ ತರಬೇತಿಯನ್ನು ಒಂದೇ ದಿನಕ್ಕೆ ಮುಗಿಸಬೇಡಿ. ಅರ್ಧ ದಿನ ಮಾಡಿ, ವಾರ್ಡಿಗೆ ಕಳಿಸಿ, ತಿಂಗಳು ಬಿಟ್ಟು ಮತ್ತೆ ಅರ್ಧ ದಿನ ಕೂರಿಸಿ. ಎಲ್ಲಿ ಮಾತು ನಿಂತಿತು, ರೋಗಿ ಏನಂದರು ಅಂತ ಹೆಸರಿಲ್ಲದೆ ಹೇಳಿಸಿ. ಕೊನೆಗೆ ಪ್ರಶ್ನೆಪತ್ರಿಕೆ ಕೊಟ್ಟರೆ ಎಲ್ಲರೂ ಪಾಸಾಗುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಮೂರು ತಿಂಗಳಾದ ಮೇಲೆ ಕೇಸ್ ಶೀಟುಗಳನ್ನು ತೆಗೆದು ನೋಡಿ. ಈ ವಿಷಯ ಕೇಳಿದ್ದಕ್ಕೆ ಒಂದು ಸಾಲಾದರೂ ಇದೆಯಾ? ಉದ್ದ ಬರೆಯಬೇಕಾಗಿಲ್ಲ, ಮನೆಯ ಗುಟ್ಟನ್ನೆಲ್ಲ ಅಲ್ಲಿ ಹಾಕುವುದೂ ಬೇಡ, ಆ ಫೈಲನ್ನು ಹತ್ತು ಜನ ನೋಡುತ್ತಾರೆ. "ಕೇಳಿದೆ. ಕೂಡುವಾಗ ನೋವಿದೆ. ಜೆಲ್ ಬಗ್ಗೆ ಹೇಳಿದೆ." ಅಥವಾ "ಕೇಳಿದೆ. ಈಗ ಬೇಡ ಅಂದರು. ಮುಂದಿನ ಭೇಟಿಯಲ್ಲಿ ಮತ್ತೆ ಕೇಳಬೇಕು." ಇಷ್ಟಿದ್ದರೆ ಮುಂದಿನ ಸಲ ಡ್ಯೂಟಿಯಲ್ಲಿ ಇರುವವರು ಬೇರೆಯವರಾದರೂ ಅಲ್ಲಿಂದಲೇ ಮಾತು ಮುಂದುವರಿಸಬಹುದು.